ಹೃದಯದ ಪಾಠದಲ್ಲಿ ಟಿಕ್ ಟಿಕ್

ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಮೈಕಿನ ಮುಂದೆ ಕೂತಿದ್ದೆ. ಕಣ್ಣು ಕಾಣದ ಮಕ್ಕಳಿಗಾಗಿ ಪಾಠಪುಸ್ತಕ ಓದಿ ರೆಕಾರ್ಡ್ ಮಾಡಿಸುವುದು ನನ್ನ ಕೆಲಸ. ಹೃದಯದ ಒಂದು ಕವಾಟ ಕೆಟ್ಟು, ಅದರ ಜಾಗದಲ್ಲೀಗ ಲೋಹದ್ದು ಕೂತಿದೆ. ಗಂಟಲಿಗೇನೂ ಆಗಿಲ್ಲ, ಅದು ಮೊದಲಿನಷ್ಟೇ ಗಟ್ಟಿ.

ಎರಡು ವಾಕ್ಯ ಓದುವಷ್ಟರಲ್ಲಿ ಗಾಜಿನಾಚೆಯಿಂದ ರೆಕಾರ್ಡಿಂಗ್ ಮಾಡುವವನು ಕೈ ಎತ್ತಿದ. "ಅಕ್ಕಾ, ಎಲ್ಲೋ ಟಿಕ್ ಟಿಕ್ ಅಂತಿದೆ." ಫ್ಯಾನ್ ನಿಲ್ಲಿಸಿದ, ನನ್ನ ಕೈಗಡಿಯಾರ ಬಿಚ್ಚಿಸಿದ. ಪುಣ್ಯಾತ್ಮ ಕುರ್ಚಿಯನ್ನೂ ಬಿಡದೆ ಅಲುಗಾಡಿಸಿ ನೋಡಿದ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ಕಣೋ. ಇಲ್ಲಿದೆ ನೋಡು," ಎಂದು ಎದೆ ಮುಟ್ಟಿ ತೋರಿಸಿದೆ.

ಬಾಯಿ ಮುಚ್ಚಿದರೆ ಆ ಸದ್ದು ಅಡಗುತ್ತದೆ, ತೆರೆದರೆ ಹೊರಬರುತ್ತದೆ. ಬಾಯಿ ತೆರೆಯದೆ ಓದುವ ವಿದ್ಯೆ ನನಗೆ ಗೊತ್ತಿಲ್ಲ.

ವಿಷಯ ಮೇಲ್ವಿಚಾರಕಿಯ ಕಿವಿಗೆ ಬಿತ್ತು. ಒಳ್ಳೆಯವರೇ, ಆದರೆ ಇರುವೆ ನಡೆದ ಸದ್ದೂ ಅವರಿಗೆ ಆಗದು. "ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ಬೇರೆಯವರ ಹತ್ರ ಓದಿಸ್ತೀನಿ. ನೀವು ಅವರ ತಪ್ಪು ತಿದ್ದೋಕೆ ಕೂತ್ಕೊಳ್ಳಿ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಎದೆ ಕೊಯ್ಯಿಸಿಕೊಂಡು ಬದುಕಿ ಬಂದದ್ದು ಬೇರೆಯವರ ತಪ್ಪು ತಿದ್ದುವುದಕ್ಕಲ್ಲ. "ಇದೊಂದು ಪಾಠ ಮುಗಿಸ್ತೀನಿ ಮೇಡಂ. ಕೇಳಿ, ಆಮೇಲೆ ಹೇಳಿ."

ಪಾಠ ಹೃದಯದ್ದೇ. ಪುಸ್ತಕದಲ್ಲಿ ಅರ್ಧ ಪುಟ ಚಿತ್ರವಿತ್ತು. ನನ್ನ ಕೇಳುಗರಿಗೆ ಅದರಿಂದ ಕವಡೆ ಕಾಸಿನ ಪ್ರಯೋಜನವಿಲ್ಲ. ನಾನು ಓದಿದೆ: "ಹೃದಯ ಹಿಂಡಿದಾಗ ರಕ್ತ ಮುಂದಕ್ಕೆ ನುಗ್ಗುತ್ತದೆ. ಅದು ಹಿಂದಿರುಗದಂತೆ ಕವಾಟಗಳು ಮುಚ್ಚಿಕೊಳ್ಳುತ್ತವೆ. ಕಾಲಿನ ಅಭಿಧಮನಿಗಳಲ್ಲೂ ಪುಟ್ಟ ಕವಾಟಗಳಿವೆ. ಮೇಲೇರುವ ರಕ್ತ ಕೆಳಗೆ ಜಾರಲು ಅವು ಬಿಡುವುದಿಲ್ಲ."

ಅಲ್ಲಿಗೆ ಪುಸ್ತಕ ಬದಿಗಿಟ್ಟೆ. "ಮಕ್ಕಳೇ, ಈಗ ನೀವು ಕೇಳುವುದು ನನ್ನ ಕವಾಟ ಮುಚ್ಚುವ ಸದ್ದು," ಎಂದು ಮೈಕಿಗೆ ಬಾಗಿ, ಬಾಯಿ ತೆರೆದು ಸುಮ್ಮನೆ ಕೂತೆ.

ಗಾಜಿನಾಚೆ ಮೇಲ್ವಿಚಾರಕಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಅವರ ಇನ್ನೊಂದು ಕೈ ತಾನಾಗಿ ತಮ್ಮ ಎದೆಯ ಮೇಲೆ ಹೋಯಿತು.

"ಮುಂದಿನ ಪಾಠ ಯಾವುದು?" ಅಂತ ಕೇಳಿದರು.

"ಉಸಿರಾಟ."

"ಅದನ್ನೂ ನೀವೇ ಓದಿ. ಸದ್ದು ಇದ್ರೆ ಇರ್ಲಿ ಬಿಡಿ. ಓದೋರು ಬದುಕಿದಾರೆ ಅಂತ ಮಕ್ಕಳಿಗೂ ಗೊತ್ತಾಗ್ಲಿ."

ನನಗೆ ಹಿಗ್ಗೋ ಹಿಗ್ಗು. ಮುಖದಲ್ಲೇನೋ ಬಿಗುಮಾನ ಉಳಿಸಿಕೊಂಡೆ. ಎದೆಯ ಟಿಕ್ ಟಿಕ್ ಮಾತ್ರ ಓಟ ಕಿತ್ತಿತ್ತು, ಮತ್ತು ರೆಕಾರ್ಡಿಂಗ್ ಇನ್ನೂ ನಡೆಯುತ್ತಲೇ ಇತ್ತು.