ಆ ದನಿ ಕಲಿಸಿದವನು

ಲೈಲ್ ವಿಂಟನ್ ತನ್ನ ತಂದೆ ಸತ್ತು ಎಷ್ಟೋ ವರ್ಷವಾಯಿತು ಎಂದು ನಮಗೆಲ್ಲ ಹೇಳಿದ್ದ. ಅವನ ಹಾಸ್ಯಚಿತ್ರಗಳಿಗೆ ಹನ್ನೊಂದು ವರ್ಷ ನಗೆ ಪ್ರಸಂಗಗಳನ್ನು ಹೆಣೆದುಕೊಟ್ಟವನು ನಾನು. ನನಗೂ ಅದನ್ನೇ ಹೇಳಿದ್ದ.

ಮಾತಿಲ್ಲದ ಚಿತ್ರಗಳ ಕಾಲದಲ್ಲಿ ಲೈಲ್ ಪರದೆಯ ಮೇಲೆ ಬಂದರೆ ಸಾಕು, ಮಕ್ಕಳು ಕುರ್ಚಿಯಿಂದ ಜಾರಿ ಬೀಳುವಷ್ಟು ನಗುತ್ತಿದ್ದರು. ಅವನ ಕೈಗಳೇ ಹಾಗೆ. ಒಂದು ಚಿತ್ರದಲ್ಲಿ ರೈಲಿನ ಗಾಜಿನ ಕಿಟಕಿಯ ಒಳಗಿರುವ ಹುಡುಗಿಗೆ, ತಾನು ಬಡಗಿ, ಇನ್ನೂ ಮದುವೆಯಾಗಿಲ್ಲ, ಭಾನುವಾರ ಬಿಡುವು ಎಂಬುದನ್ನೆಲ್ಲ ಬರೀ ಹತ್ತು ಬೆರಳುಗಳಲ್ಲಿ ಹೇಳಿಬಿಡುತ್ತಾನೆ. ಎಲ್ಲಿ ಕಲಿತೆ ಎಂದು ಕೇಳಿದರೆ ಹುಟ್ಟುತ್ತಲೇ ಬಂತು ಎನ್ನುತ್ತಿದ್ದ. ನಾವು ಅದನ್ನು ಜಂಬ ಎಂದುಕೊಂಡಿದ್ದೆವು.

ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರಲ್ಲಿ ಲಾಸ್ ಏಂಜಲೀಸಿನ ನಮ್ಮ ಸ್ಟುಡಿಯೋಗೂ ಮಾತು ಬಂತು. ಮೇಜಿನ ಮೇಲಿನ ಹೂದಾನಿಯೊಳಗೆ ಮೈಕು ಬಚ್ಚಿಟ್ಟು, ಲೈಲ್‌ನನ್ನು ಅದರ ಪಕ್ಕ ನಿಲ್ಲಿಸಿದರು. ಎರಡು ಹೆಜ್ಜೆ ಆಚೆ ಹೋದರೆ ದನಿ ಸಿಗುವುದಿಲ್ಲ. ಕೈ ಬೀಸಿದರೆ ತೋಳಿನ ಬಟ್ಟೆಯ ಸದ್ದೂ ಅಚ್ಚಾಗುತ್ತದೆ. ಅವನ ದನಿಯಲ್ಲೇನೂ ದೋಷವಿರಲಿಲ್ಲ. ಆದರೆ ಪರೀಕ್ಷೆಗೆಂದು ತೆಗೆದ ಚಿತ್ರವನ್ನು ನೋಡಿದಾಗ ಹೂದಾನಿಯ ಪಕ್ಕದಲ್ಲಿ ಯಾರೋ ಗುಮಾಸ್ತ ನಿಂತ ಹಾಗಿತ್ತು. ಯಾರೂ ನಗಲಿಲ್ಲ.

ಸ್ಟುಡಿಯೋದ ಯಜಮಾನ ಡ್ರಿಸ್ಕಲ್ ಎದ್ದು ಹೋಗುತ್ತಾ, "ನೀನು ಬೀಳೋದು ನೋಡೋಕೆ ಇನ್ಮೇಲೆ ಯಾರೂ ಬರಲ್ಲಪ್ಪ ಲೈಲ್. ಕಿವಿಗೆ ನಗು ಕೊಡು," ಎಂದ.

ಕಿವಿಗೆ ನಗು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮೂರು ದಿನ ಕೂತು ಒಂದು ಪ್ರಸಂಗ ಬರೆದೆ. ಲೈಲ್ ಹುಡುಗಿಯ ಮನೆಗೆ ಹೆಣ್ಣು ಕೇಳಲು ಹೋಗುತ್ತಾನೆ. ಅವಳಪ್ಪ ಕಿವುಡ, ಕಿವಿಗೆ ತುತ್ತೂರಿಯಂಥ ಕೊಳವೆ ಹಿಡಿದುಕೊಂಡು ಕೂತಿರುತ್ತಾನೆ. ಇವನು ಮಗಳ ಕೈ ಹಿಡಿಯಬೇಕು ಎಂದರೆ ಅವನು, ಕಾಯಿ ಹಿಡಿಯಬೇಕಾದರೆ ತರಕಾರಿ ಅಂಗಡಿಗೆ ಹೋಗು ಎನ್ನುತ್ತಾನೆ. ಹೀಗೆ ಏಳು ನಿಮಿಷ.

ಓದಿ ಹೇಳಿದಾಗ ಲೈಲ್ ಮುಖ ಬಿಳಿಚಿಕೊಂಡಿತು.

"ಬೇರೆ ಏನೂ ಇಲ್ವೇನೋ ನೇಟ್?" ಎಂದ.

"ನಿನಗೆ ಮಾತಾಡೋಕೆ ಭಯ, ಅದಕ್ಕೇ ನೆಪ ಹುಡುಕ್ತಿದೀಯ," ಎಂದು ಹಂಗಿಸಿದೆ. ಅವನು ಹಾಳೆಗಳನ್ನು ಎತ್ತಿಕೊಂಡು ಹೊರಟ.

ಚಿತ್ರೀಕರಣದ ದಿನ ಮುದುಕನ ಪಾತ್ರದ ನಟ ಎಷ್ಟು ಒದ್ದಾಡಿದರೂ ನಗು ಹುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಡ್ರಿಸ್ಕಲ್ ಕೂಗಾಡಲು ಶುರು ಮಾಡಿದ. ಆಗ ಲೈಲ್ ಆ ನಟನನ್ನು ಪಕ್ಕಕ್ಕೆ ಕರೆದು, ಹೀಗಲ್ಲ, ಕಿವಿ ಕೇಳದವರ ದನಿ ಹೀಗಿರುತ್ತದೆ ಎಂದು ಮಾಡಿ ತೋರಿಸಿದ. ಗಂಟಲಿನ ಆಳದಿಂದ ಎದ್ದು, ಮೂಗಿಗೆ ಹತ್ತಿ, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ತಿಳಿಯದೆ ತಡಕಾಡುವ ದನಿ. ದೀಪ ಹಿಡಿದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಎಲ್ಲಿ ಕೇಳಿದ್ದೆ ಎಂದು ಅವನನ್ನು ವಿಚಾರಿಸಿದೆ.

"ನಮ್ಮ ಬೀದೀಲಿ ಒಬ್ಬ ಇದ್ದ," ಎಂದ ಲೈಲ್. ಸಂಜೆಯೊಳಗೆ ಆ ನಟ ಅದೇ ದನಿಯಲ್ಲಿ ಪ್ರಸಂಗ ಮುಗಿಸಿದ.

ಚಿತ್ರವನ್ನು ಮೊದಲು ಹತ್ತಿರದ ಪ್ಯಾಸಡೀನಾದ ಒಂದು ಚಿತ್ರಮಂದಿರದಲ್ಲಿ ಶನಿವಾರ ಮಧ್ಯಾಹ್ನ ತೋರಿಸಿ ಜನರ ನಾಡಿ ನೋಡುವುದೆಂದು ಗೊತ್ತಾಯಿತು. ಅಂದು ಬೆಳಿಗ್ಗೆ ಸ್ಟುಡಿಯೋ ಬಾಗಿಲಲ್ಲಿ ಒಬ್ಬ ವೃದ್ಧರು ನಿಂತಿದ್ದರು. ಇಸ್ತ್ರಿ ಮಾಡಿದ ಹಳೆಯ ಸೂಟು, ಶಾಯಿ ಇಂಗಿ ಕಪ್ಪಾದ ಬೆರಳ ತುದಿ. ಕಾವಲುಗಾರ ಏನು ಕೇಳಿದರೂ ಅವರು ಒಂದು ಚೀಟಿ ಮುಂದೆ ಹಿಡಿಯುತ್ತಿದ್ದರು. ನಾನು ಅದನ್ನು ಓದಿದೆ. "ನಾನು ಆಸಾ ವಿಂಟನ್, ಒಹಾಯೋದವನು. ಲೈಲ್ ನನ್ನ ಮಗ. ಅವನ ಎಲ್ಲ ಚಿತ್ರ ನೋಡಿದ್ದೇನೆ. ಹೊಸದನ್ನು ಅವನ ಜೊತೆ ಕೂತು ನೋಡಬೇಕೆಂದು ಬಂದೆ."

ಅವರನ್ನು ಕೂರಿಸಿಕೊಂಡು ಪ್ಯಾಸಡೀನಾಕ್ಕೆ ಹೊರಟೆ. ಒಹಾಯೋದ ಕೊಲಂಬಸ್‌ನ ಪತ್ರಿಕೆಯೊಂದರಲ್ಲಿ ನಲವತ್ತು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುವ ಕೆಲಸವಂತೆ. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಕಿವಿ ಹೋಯಿತಂತೆ. ಅದನ್ನೆಲ್ಲ ಚೀಟಿಯ ಮೇಲೆ ಬರೆದು, ನನ್ನ ಕಾರಿನಲ್ಲಿ ಕೂತೇ ತೋರಿಸಿದರು. ಕಾಲು ಭಾಗ ದಾರಿ ಕಳೆಯುವುದರೊಳಗೆ ನನಗೆ ಎಲ್ಲ ಅರ್ಥವಾಗಿತ್ತು. ಕಾರನ್ನು ಹಿಂದಕ್ಕೆ ತಿರುಗಿಸಬಹುದಿತ್ತು. ಏನು ಕಾರಣ ಹೇಳಲಿ ಎಂದು ಯೋಚಿಸುತ್ತಲೇ ಪ್ಯಾಸಡೀನಾ ಬಂದುಬಿಟ್ಟಿತು.

ಲೈಲ್ ಮುಂದೆ ಡ್ರಿಸ್ಕಲ್ ಜೊತೆ ಕೂತಿದ್ದ. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತೆವು. ಹಳೆಯ ಚಿತ್ರಗಳಲ್ಲಿ ಆಗಾಗ ಮಾತುಗಳನ್ನು ಅಕ್ಷರದಲ್ಲಿ ತೋರಿಸುತ್ತಿದ್ದರು, ಇದರಲ್ಲಿ ಅದೂ ಇಲ್ಲ. ಸ್ವಲ್ಪ ಹೊತ್ತು ಮುದುಕರು ಅಕ್ಷರ ಈಗ ಬಂದೀತು, ಆಗ ಬಂದೀತು ಎಂದು ಕಾದರು. ಆಮೇಲೆ ಸುತ್ತಲಿನವರ ಮುಖ ನೋಡಿ, ಅವರು ನಕ್ಕಾಗ ತಾವೂ ಒಂದು ಗಳಿಗೆ ತಡವಾಗಿ ನಗತೊಡಗಿದರು.

ನನ್ನ ಪ್ರಸಂಗ ಬಂತು. ಕಿವಿಗೆ ಹಿಡಿದ ಕೊಳವೆಯನ್ನು ಅರ್ಥ ಮಾಡಿಕೊಳ್ಳಲು ಯಾವ ಅಕ್ಷರವೂ ಬೇಕಿರಲಿಲ್ಲ. ಚಿತ್ರಮಂದಿರವೇ ಹಾರಿಹೋಗುವಂತೆ ಜನ ನಕ್ಕರು. ಮುದುಕರ ನಗು ನಿಂತಿತು. ಪರದೆಯ ಮೇಲಿನ ಕಿವುಡನ ಬಾಯನ್ನೇ ನೋಡುತ್ತಾ ಕೂತರು. ಆಮೇಲೆ ಚೀಟಿ ತೆಗೆದು, ಪರದೆಯ ಬೆಳಕಿನಲ್ಲಿ ಬರೆದು ನನ್ನ ಕೈಗಿಟ್ಟರು. "ಆ ಕಿವುಡನ ದನಿ ಹೇಗಿದೆ? ನನ್ನ ದನಿಯೂ ಹಾಗೇ ಇದೆಯೇ?"

ಅವರು ಆವರೆಗೆ ನನ್ನೆದುರು ಬಾಯಿ ತೆರೆದಿರಲಿಲ್ಲ. ಆದರೆ ಲೈಲ್ ಆ ದನಿಯನ್ನು ಎಲ್ಲಿ ಕಲಿತನೆಂದು ನನಗೆ ತಿಳಿದುಹೋಗಿತ್ತು. ನಾನು "ಇಲ್ಲ" ಎಂದು ಬರೆದೆ.

ಹೊರಗಿನ ಹಜಾರದಲ್ಲಿ ಜನ ಲೈಲ್‌ನನ್ನು ಮುತ್ತಿಕೊಂಡಿದ್ದರು. ಅವನು ತಲೆಯೆತ್ತಿ ತಂದೆಯನ್ನು ಕಂಡ. ತಾವಾಗಿಯೇ ಅವನ ಎರಡೂ ಕೈ ಎದೆಯವರೆಗೆ ಎದ್ದವು, ಬೆರಳುಗಳು ಬಿಚ್ಚಿಕೊಂಡವು. ಪಕ್ಕದಲ್ಲಿ ಡ್ರಿಸ್ಕಲ್ ಇದ್ದ, ಪತ್ರಿಕೆಯವರಿದ್ದರು. ಲೈಲ್ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ.

"ಯಾರಿವರು?" ಎಂದ ಡ್ರಿಸ್ಕಲ್.

"ನಮ್ಮೂರಿನವರು ಸಾರ್. ಪರಿಚಯದವರು."

ಮುದುಕರು ಎದುರಿಗೆ ನಿಂತವರ ತುಟಿಗಳ ಚಲನೆಯನ್ನು ಓದಬಲ್ಲವರು. ಅವರು ಮಗನ ತುಟಿಯನ್ನೇ ನೋಡುತ್ತಿದ್ದರು. ಒಮ್ಮೆ ತಲೆಯಾಡಿಸಿ, ಪರಿಚಯದವರು ಮಾಡುವ ಹಾಗೆಯೇ ಡ್ರಿಸ್ಕಲ್ ಕೈ ಕುಲುಕಿ, ಮಗನ ಕೈಯನ್ನೂ ಕುಲುಕಿ ಹೊರಟರು. ಸಂಜೆಯ ರೈಲಿಗೆ ನಾನೇ ಬಿಟ್ಟುಬಂದೆ. ಇಳಿಯುವಾಗ ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿದರು.

ಸೋಮವಾರ ಲೈಲ್ ಆ ಏಳು ನಿಮಿಷವನ್ನು ಕತ್ತರಿಸಿ ಎಂದು ಡ್ರಿಸ್ಕಲ್‌ನನ್ನು ಬೇಡಿಕೊಂಡ. ಕಾರಣ ಹೇಳದೆ ಕತ್ತರಿಸುವುದಿಲ್ಲ ಎಂದನಂತೆ ಡ್ರಿಸ್ಕಲ್. ಚಿತ್ರ ಊರೂರಲ್ಲಿ ಓಡಿದ್ದೇ ಆ ಏಳು ನಿಮಿಷದಿಂದ. ಮುಂದಿನ ಚಿತ್ರಕ್ಕೂ ಕಿವುಡ ಮುದುಕನೇ ಬೇಕು ಎಂದ ಡ್ರಿಸ್ಕಲ್. ಲೈಲ್ ಒಲ್ಲೆ ಎಂದ. ಅಲ್ಲಿಗೆ ಸ್ಟುಡಿಯೋದಲ್ಲಿ ಅವನ ಋಣ ಮುಗಿಯಿತು. ಆ ಚಿತ್ರವನ್ನು ಬೇರೊಬ್ಬ ನಟನಿಗಾಗಿ ನಾನೇ ಬರೆದುಕೊಟ್ಟೆ.

ವಸಂತದಲ್ಲಿ ಲೈಲ್ ನನ್ನ ಮನೆಗೆ ಬಂದು, ಕೊಲಂಬಸ್ಸಿಗೆ ಹೋಗುತ್ತಿದ್ದೇನೆ, ಒಬ್ಬನೇ ಹೋಗಲು ಧೈರ್ಯವಿಲ್ಲ, ಜೊತೆಗೆ ಬಾ ಎಂದ. ಹೋದೆ. ಅಲ್ಲಿನ ಕಿವುಡರ ಸಂಘದವರು ಭಾನುವಾರಗಳಂದು ಅವನ ಹಳೆಯ ಚಿತ್ರಗಳನ್ನು ಹಾಕುತ್ತಿದ್ದರು. ಚಿತ್ರ ಮುಗಿದ ಮೇಲೆ ಲೈಲ್ ಎದ್ದು ಪರದೆಯ ಮುಂದೆ ನಿಂತ. ಅರವತ್ತು ಜನರಿದ್ದರು. ಆಸಾ ವಿಂಟನ್ ಮೊದಲ ಸಾಲಿನಲ್ಲಿ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಲೈಲ್ ಕೈಗಳಿಂದ ಮಾತಾಡಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವನು ತನ್ನ ಗಂಟಲನ್ನು ಮುಟ್ಟಿದಾಗ, ಆಮೇಲೆ ತಂದೆಯ ಕಡೆ ಬೆರಳು ತೋರಿಸಿದಾಗ ಮಾತ್ರ, ಆ ದನಿ ಯಾರದೆಂದು ಹೇಳುತ್ತಿದ್ದಾನೆ ಎಂದು ತಿಳಿಯಿತು. ಹಿಂದಿನ ಸಾಲಿನ ಇಬ್ಬರು ಹೆಂಗಸರು ಎದ್ದು ಹೊರಟುಹೋದರು.

ಕೊನೆಗೆ ಮುದುಕರು ಕೂತಲ್ಲಿಂದಲೇ ಕೈಯಾಡಿಸಿ ಚಿಕ್ಕದಾಗಿ ಏನೋ ಹೇಳಿದರು. ಲೈಲ್ ಅಳುತ್ತಾ ಬಂದು ನನ್ನ ಪಕ್ಕದಲ್ಲಿ ಕುಸಿದ. ಏನಂದರು ಎಂದು ಕೇಳಿದೆ.

"ನಿನ್ನ ಕೈ ತೊದಲ್ತಿದೆ, ಅಭ್ಯಾಸ ಬಿಟ್ಟುಹೋಗಿದೆ. ಇನ್ನೆರಡು ವಾರ ಮನೇಲಿರು, ಅಂದ್ರು."

ಆ ಪ್ರಸಂಗ ಬರೆದವನು ನಾನೆಂದು ಲೈಲ್ ತನ್ನ ತಂದೆಗೆ ಹೇಳಿರಲಿಲ್ಲ. ಮುದುಕರು ನನಗೆ ಕಾಫಿ ತಂದುಕೊಟ್ಟರು, ಬೆನ್ನು ತಟ್ಟಿದರು. ಅವರ ಚೀಟಿ, ಪೆನ್ಸಿಲ್ಲು ಮೇಜಿನ ಮೇಲೆ ನನ್ನ ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದವು. ನಾನು ಕಾಫಿ ಕುಡಿದು, ಮರುದಿನದ ರೈಲಿಗೆ ಲಾಸ್ ಏಂಜಲೀಸಿಗೆ ಹೊರಟುಬಂದೆ.