ಲೋಳೆಮೀನಿನ ಬಾಲ

"ಜಾಡಿ ಕೆಳಗಿಡಿ ಸಾರ್! ಹೆಣ ಇನ್ನೂ ಮನೇಲಿದೆ, ಅಷ್ಟರಲ್ಲೇ ಕಪಾಟಿಗೆ ಕೈ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?"

ಮಗಳ ದನಿಗೆ ಕೂತಿದ್ದವರೆಲ್ಲ ತಲೆಯೆತ್ತಿದರು. ಸತ್ತವನು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವನು. ಜಾಡಿ ಅವಚಿಕೊಂಡು ನಿಂತವರು ಅದೇ ಲ್ಯಾಬಿನ ಪ್ರೊಫೆಸರ್. ಜಾಡಿಯ ಫಾರ್ಮಲಿನ್‌ನಲ್ಲಿ ಉದ್ದಕ್ಕೆ ಸೀಳಿದ, ಹಾವಿನಂಥ ಒಂದು ಲೋಳೆಮೀನು.

"ಇದು ಕಾಲೇಜಿನ ಸ್ವತ್ತಮ್ಮ."

"ಹನ್ನೊಂದು ವರ್ಷ ಇಲ್ಲೇ ಬಿದ್ದಿತ್ತಲ್ಲ, ಆಗ ಕಾಲೇಜಿಗೆ ನೆನಪಾಗಲಿಲ್ವಾ?"

"ಬಾಯಿ ಮುಚ್ಚೇ," ತಾಯಿ ಹಲ್ಲು ಕಚ್ಚಿದಳು. "ಇನ್ನು ಮೇಲೂ ನಾನು ಈ ಕ್ವಾರ್ಟರ್ಸ್‌ನಲ್ಲಿ ಇರಬೇಕಾದ್ರೆ ಅವರೇ ಕಾಲೇಜಿಗೆ ಒಂದು ಮಾತು ಹೇಳಬೇಕು. ಕೊಟ್ಟು ಕಳಿಸು."

"ಕೊಡ್ತೀನಿ. ಬಾಲದ ಎಲುಬು ಕಂಡುಹಿಡಿದೋನು ನಮ್ಮಪ್ಪ ಅಂತ ಇಷ್ಟು ಜನದ ಮುಂದೆ ಒಂದೇ ಒಂದು ಸಲ ಹೇಳ್ಲಿ."

*

ಲೋಳೆಮೀನಿಗೆ ದವಡೆಯಿಲ್ಲ, ಬೆನ್ನುಮೂಳೆಯಿಲ್ಲ. ಹೃದಯ ಮಾತ್ರ ಒಂದು ಸಾಲದೆಂದು ನಾಲ್ಕು ಕಡೆ. ಬೆನ್ನುಮೂಳೆ ಹುಟ್ಟುವ ಮೊದಲಿನ ಪ್ರಾಣಿಯೇ ಇದು, ಇಲ್ಲ ಇದ್ದ ಮೂಳೆಯನ್ನು ಕಳೆದುಕೊಂಡದ್ದೇ ಎಂದು ಓದಿದವರು ಜಗಳವಾಡುತ್ತಿದ್ದರು. ಅಟೆಂಡರ್ ಜಗಳಕ್ಕೆ ಹೋಗಲಿಲ್ಲ, ಕೊಯ್ದ. ಬಕೆಟ್‌ಗಟ್ಟಲೆ ಲೋಳೆ ತೊಳೆದು, ಬಾಲದಲ್ಲಿ ಸಾಸಿವೆಗಿಂತ ಸಣ್ಣ ಮೆದು ಎಲುಬಿನ ಚೂರುಗಳ ಸಾಲು ಕಂಡ. ಒಮ್ಮೆ ಇದ್ದ ಬೆನ್ನುಮೂಳೆ ಹೋಗಿರುವ ಗುರುತು. ಚೂರುಗಳು ತಪ್ಪಿಹೋಗದಂತೆ ಸಾಲಿನುದ್ದಕ್ಕೂ ದಾರ ಸುತ್ತಿದ. ಆಗ ಹೊಲಿಗೆ ಕಲಿಯುತ್ತಿದ್ದ ಮಗಳ ಪೆಟ್ಟಿಗೆಯ ನೀಲಿ ದಾರ.

ರಕ್ತನಾಳ ಎದ್ದು ಕಾಣಲೆಂದು ಅದಕ್ಕೆ ನೀಲಿ ಬಣ್ಣ ತುಂಬುವುದು ಲ್ಯಾಬಿನ ರೂಢಿ. ಪ್ರೊಫೆಸರ್ ಮೇಲುಮೇಲೆ ನೋಡಿದರು, ಚಿತ್ರ ಬರೆದರು. ಪುಸ್ತಕ ಅಚ್ಚಾಯಿತು. ಅದರಲ್ಲಿ ಬಾಲದ ಎಲುಬು ತಾವು ಕಂಡದ್ದು, ಅದರ ಪಕ್ಕದ ಹೊಸ ರಕ್ತನಾಳವೂ ತಾವೇ ಕಂಡದ್ದು.

"ಸಾರ್, ಅದು ದಾರ," ಎಂದ ಅಟೆಂಡರ್, ಚಿತ್ರದ ಮೇಲೆ ಬೆರಳಿಟ್ಟು.

ಪ್ರೊಫೆಸರ್ ಎದ್ದುಹೋಗಿ ಬಾಗಿಲು ಹಾಕಿ ಬಂದರು. "ಜಾಡಿ ಮನೆಗೆ ಒಯ್ದುಬಿಡು. ಯಾರಿಗೂ ತೋರಿಸಬೇಡ."

ಅಂಗಿಯೊಳಗೆ ಜಾಡಿ ಮುಚ್ಚಿಕೊಂಡು ಬಂದ ಅಪ್ಪನ ಮುಖದಲ್ಲಿ ಹೆಮ್ಮೆಯಿತ್ತು. "ಅಷ್ಟು ದೊಡ್ಡ ಮನುಷ್ಯನ ಮರ್ಯಾದೆ ನನ್ನ ಕೈಲಿದೆ ಕಣೇ."

"ನಿನ್ನ ಮರ್ಯಾದೆ ಯಾರ ಕೈಲಿದೆ?" ಎಂದು ಕೇಳಿದ್ದಳು ಮಗಳು. ಅವನು ಜಾಡಿಯ ಗಾಜು ಒರೆಸಿದ. ಆಮೇಲೂ ದಿನಾ ಒರೆಸಿದ.

*

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡರು. "ತುಂಬಾ ನಂಬಿಗಸ್ತ. ಜಾಡಿಗಳನ್ನ ಅವನಷ್ಟು ಚೆನ್ನಾಗಿ ತೊಳೆಯೋರು ಸಿಗಲ್ಲ."

"ತೊಳೆಯೋನಂತೆ!"

ಮಗಳು ಜಾಡಿ ಕಿತ್ತುಕೊಂಡಳು. ಕಿಟಕಿಯ ಮೇಲಿಟ್ಟು ಮುಚ್ಚಳ ತಿರುವಿದಳು. ಕಣ್ಣು ಉರಿಯುವ ವಾಸನೆ ಮನೆ ತುಂಬಿತು. ಕುಪ್ಪಸಕ್ಕೆ ಸಿಕ್ಕಿಸಿದ್ದ ಸೂಜಿ ತೆಗೆದು, ಬಾಲದೊಳಗೆ ತೂರಿಸಿ, ಒಂದೇ ಸಲಕ್ಕೆ ಎಳೆದಳು. ಗೇಣುದ್ದದ ನೀಲಿ ದಾರ ಸೂಜಿಯ ತುದಿಗೆ ನೇತಾಡಿತು.

"ನೋಡ್ರಪ್ಪ, ಇವರ ಪುಸ್ತಕದ ರಕ್ತನಾಳ! ಮೂರೆಳೆ ದಾರ. ನಾನು ಲಂಗ ಹೊಲಿದಿದ್ದು."

"ಅಯ್ಯಯ್ಯೋ," ಎಂದ ಕಾಲೇಜಿನ ಮಾಲಿ, "ಇದರ ಚಿತ್ರಾನೇ ಅಲ್ವಾ ದೊಡ್ಡ ಹಾಲ್‌ನಲ್ಲಿ ಕಟ್ಟು ಹಾಕ್ಸಿ ತೂಗುಹಾಕಿರೋದು!"

ಯಾರೋ ಕಿಸಕ್ಕೆಂದರು. ಪ್ರೊಫೆಸರ್ ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

"ಹಾಳಾಗಿ ಹೋಗು," ತಾಯಿ ಮಗಳಿಗೆ ಶಾಪ ಹಾಕಿದಳು. "ಸತ್ತೋನು ಉಳಿಸಿದ್ದನ್ನ ಒಂದು ಗಳಿಗೇಲಿ ಕಳೆದೆ." ಗಂಡನ ಹೆಣದ ಕಡೆಗೂ ತಿರುಗದೆ ಬರಿಗಾಲಲ್ಲೇ ಓಡಿದಳು. "ಸಾರ್, ಹುಡುಗಿಗೆ ತಲೆ ಕೆಟ್ಟಿದೆ ಸಾರ್... ಸಾರ್..."

"ಎತ್ತೋಣ್ವಾ?" ಹೊರುವವರು ಕೇಳಿದರು.

"ಅಮ್ಮ ಬರ್ಲಿ."

ಮಾಲಿ ಹೋಗಿ ನೋಡಿಕೊಂಡು ಬಂದ. "ನಿಮ್ಮಮ್ಮ ಪ್ರೊಫೆಸರ್ ಆಫೀಸಿನ ಮುಂದೆ ನಿಂತಿದಾರೆ ಕಣಮ್ಮ. ಒಳಗಡೆಯಿಂದ ಚಿಲಕ ಹಾಕಿದೆ. ಕರೆದ್ರೂ ಬರಲ್ಲ ಅಂದ್ರು."

ಇನ್ನರ್ಧ ಗಂಟೆ ಕಾದರು. ಆಮೇಲೆ ಎತ್ತಿದರು.

ದಾರ ಬೆರಳಿಗೆ ಸುತ್ತಿಕೊಂಡು ಮಗಳು ಜಾಡಿ ಮುಚ್ಚಲು ಬಂದಳು. ಕಟ್ಟು ಬಿಚ್ಚಿದ ಬಾಲ ಬಾಯಿಬಿಟ್ಟಿತ್ತು. ಸಾಸಿವೆಗಿಂತ ಸಣ್ಣ ಬಿಳಿ ಚೂರುಗಳು ಒಂದೊಂದಾಗಿ ಕಳಚಿ, ಜಾಡಿಯ ತಳದ ಗಸಿಯಲ್ಲಿ ಗುರುತು ಸಿಗದಂತೆ ಇಳಿಯುತ್ತಿದ್ದವು.