ನಾಲ್ಕು ನಿಮಿಷ ಕಳೆದುಕೊಂಡ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ಇಂಥಲ್ಲೇ ಹುಟ್ಟಿದೆ ಎಂದು ಖಚಿತವಾಗಿ ಹೇಳಲಾರೆ. ಹತ್ತು ಕಡೆಯಿಂದ ಬಂದ ಬಿಡಿಭಾಗಗಳನ್ನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಒಂದೇ ಡಬ್ಬಿಯೊಳಗೆ ಕೂಡಿಸಿ ಸ್ಕ್ರೂ ಬಿಗಿದರು. ಅದೇ ನನ್ನ ಜನ್ಮ. ಮೊದಲ ಮೂರು ವರ್ಷ ದಾಂಡೇಲಿಯ ಒಂದು ತರಬೇತಿ ಕೇಂದ್ರದಲ್ಲಿದ್ದೆ. ಕಲಿಯಲು ಬಂದವರು ಮಾಡಿದ ತಪ್ಪುಗಳನ್ನೆಲ್ಲ ನನ್ನವೇ ಎಂದುಕೊಂಡು ಹೆದರುವ ಸ್ವಭಾವ ಅಲ್ಲಿಯೇ ಬೆಳೆಯಿತು.

ಅಲ್ಲಿಂದ ನನ್ನನ್ನು ಕಾಗದದ ಕಾರ್ಖಾನೆಯ ಕೆಲಸಗಾರ ಚನಬಸಪ್ಪನವರು ಮನೆಗೆ ತಂದರು. ಅವರ ಮಗಳು ಗಿರಿಜಾ ನನ್ನೊಳಗೆ ಟಿವಿ ತೋರಿಸುವ ಒಂದು ಕಾರ್ಡ್ ಕೂಡಿಸಿ, ಕೇಬಲ್ ಚುಚ್ಚಿ, ಎರಡು ಸ್ಪೀಕರ್ ಜೋಡಿಸಿದಳು. ಅಂದಿನಿಂದ ನಾನೇ ಆ ಮನೆಯ ಟಿವಿ, ನಾನೇ ಟೇಪ್ ರೆಕಾರ್ಡರ್, ನಾನೇ ಸಿನಿಮಾ ಟಾಕೀಸು. ಚನಬಸಪ್ಪನವರ ತಾಯಿ ನಿಂಗವ್ವ ಮಾತ್ರ ನನ್ನನ್ನು ನಂಬಲಿಲ್ಲ.

"ಒಂದ ಡಬ್ಬಿ ಇಷ್ಟೆಲ್ಲಾ ಕೆಲಸಾ ಮಾಡತದ ಅಂದ್ರ, ಒಂದೂ ನೆಟ್ಟಗ ಮಾಡಂಗಿಲ್ಲ" ಅಂದಿದ್ದಳು.

ಆ ಮಾತು ನನಗೆ ನಾಟಿತು. ನನ್ನಲ್ಲಿ ನಿಜಕ್ಕೂ ಒಂದು ದೋಷವಿತ್ತು. ಒಳಗಿನ ಗಡಿಯಾರವನ್ನು ನಡೆಸುವ ಬಿಲ್ಲೆಯಂಥ ಬ್ಯಾಟರಿ ಸೋತಿತ್ತು. ನನ್ನನ್ನು ಬಂದ್ ಮಾಡಿದಾಗಲೆಲ್ಲ ನನ್ನ ಸಮಯ ಹಿಂದೆ ಬೀಳುತ್ತಿತ್ತು. ಗಿರಿಜಾ ದಿನವೂ ಅದನ್ನು ತಿದ್ದುತ್ತಿದ್ದಳು.

ಚನಬಸಪ್ಪನವರು ಭಜನೆಯ ಹಾಡುಗಾರರು. ಆ ವರ್ಷ ಒಂದು ಟಿವಿ ವಾಹಿನಿಯವರು ಕರೆಸಿ ಅವರ ಹಾಡು ಚಿತ್ರೀಕರಿಸಿಕೊಂಡರು. ಅದಾದ ತಿಂಗಳಿಗೆ ಗಂಟಲಲ್ಲಿ ಗಂಟು ಕಾಣಿಸಿತು. ಜೀವ ಉಳಿಸಲು ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆ ಚಿತ್ರೀಕರಣ ಬಿಟ್ಟರೆ ಅವರ ದನಿ ಎಲ್ಲೂ ಉಳಿದಿಲ್ಲವೆಂದು ಮನೆಯವರಿಗೆ ಹೊಳೆದದ್ದು ಆಗ. ದಿನಾ ಮನೆಯಲ್ಲೇ ಹಾಡುವವರ ಹಾಡನ್ನು ಯಾರು ತೆಗೆದಿಡುತ್ತಾರೆ?

ಕಾರ್ಯಕ್ರಮ ಪ್ರಸಾರವಾಗುವುದು ಒಂದು ಗುರುವಾರ ಸಂಜೆ ಐದೂವರೆಗೆ, ಒಂದೇ ಒಂದು ಸಲ. ಅದೇ ದಿನ ಗಿರಿಜಾ ತಂದೆಯನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಹೊರಡುವ ಮುನ್ನ ಗಿರಿಜಾ ವಾಹಿನಿ ಹಚ್ಚಿ, ಐದೂವರೆಗೆ ತಾನಾಗಿಯೇ ರೆಕಾರ್ಡ್ ಮಾಡುವಂತೆ ನನಗೆ ಆಜ್ಞೆ ಕೊಟ್ಟಳು. ಬಸ್ಸಿನ ಗಡಿಬಿಡಿಯಲ್ಲಿ ಗಡಿಯಾರ ತಿದ್ದುವುದನ್ನು ಮರೆತಳು.

"ಆಯಿ, ಐದೂವರಿಗೆ ಇಲ್ಲಿ ಕೆಂಪು ಚುಕ್ಕಿ ಬರತದ. ನೀ ಏನೂ ಮುಟ್ಟಬ್ಯಾಡ. ಈ ರಿಮೋಟಿನ್ಯಾಗ ಎರಡು ಕೆಂಪು ಗುಂಡಿ ಅದಾವ, ಒಂದು ರೆಕಾರ್ಡಿಂದು, ಇನ್ನೊಂದು ಒತ್ತಿದರ ಟಿವಿನೇ ಬಂದ್" ಎಂದು ಅಜ್ಜಿಗೆ ಹೇಳಿದಳು.

ನಿಂಗವ್ವನಿಗೆ ಅಕ್ಷರ ಬರದು, ಅಂಕಿ ಬರುತ್ತದೆ. ಕಾರ್ಖಾನೆಯ ಐದರ ಸೈರನ್ ಕೂಗಿದಾಗ ಅವಳು ನನ್ನ ಮೂಲೆಯ ಗಡಿಯಾರ ನೋಡಿದಳು. ಅಲ್ಲಿ ನಾಲ್ಕು ಮೂವತ್ತೆಂಟು. ಮೂವತ್ತು ವರ್ಷ ಆ ಸೈರನ್ನಿಗೆ ಚಹಾ ಇಟ್ಟವಳು ಅವಳು. ಸೈರನ್ ತಪ್ಪದು ಎಂದು ಅವಳಿಗೆ ಗೊತ್ತು. ನನಗೂ ಆಗಲೇ ಗೊತ್ತಾಯಿತು. ಆದರೆ ನನಗೆ ಕೊಟ್ಟ ಆಜ್ಞೆಯನ್ನಷ್ಟೇ ನಾನು ಪಾಲಿಸಬಲ್ಲೆ, ಅದೂ ನನ್ನ ತಪ್ಪು ಸಮಯಕ್ಕೆ.

ಅವಳು ಸಹಾಯ ಕೇಳಲು ಪಕ್ಕದ ಮನೆಗೆ ಹೋಗಿ ಬಂದಳು, ಬೀಗ ಹಾಕಿತ್ತು. ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಕಾರ್ಯಕ್ರಮ ಶುರುವಾಯಿತು. ನಿರೂಪಕಿ ಚನಬಸಪ್ಪನವರ ಹೆಸರು ಹೇಳಿದಳು. ಅವರು ಕೈಮುಗಿದು, ತಮ್ಮ ದನಿಯಲ್ಲಿ ಊರು ಹೇಳಿದರು. ಕೆಂಪು ಚುಕ್ಕಿ ಬರಲಿಲ್ಲ.

ನಿಂಗವ್ವ ಮೇಲಿನ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಮಗನ ದನಿ ಕಡಿದುಹೋಯಿತು.

ಆ ಕತ್ತಲಲ್ಲಿ ಅವಳ ಉಸಿರು ನನಗೆ ಕೇಳುತ್ತಿತ್ತು. ಕೆಳಗಿನದು, ಕೆಳಗಿನದು ಎಂದು ಹೇಳಲು ನನಗೆ ಬಾಯಿಲ್ಲ. ಅವಳು ಮತ್ತೆ ಅದನ್ನೇ ಒತ್ತಿದಳು. ಪರದೆ ಬೆಳಗಿತು, ಹಾಡು ಆಗಲೇ ನಡೆದಿತ್ತು. ಕಣ್ಣು ಮುಚ್ಚಿ ಕೆಳಗಿನ ಗುಂಡಿ ಒತ್ತಿದಳು. ಕೆಂಪು ಚುಕ್ಕಿ ಮೂಡಿತು.

ನಿಲ್ಲಿಸುವ ಧೈರ್ಯ ಅವಳಿಗಾಗಲಿಲ್ಲ. ಹಾಡು ಮುಗಿಯಿತು, ಜಾಹೀರಾತು ಬಂತು, ವಾರ್ತೆ ಬಂತು. ನಾನು ಎಲ್ಲವನ್ನೂ ಬರೆದುಕೊಳ್ಳುತ್ತಲೇ ಇದ್ದೆ. ನನ್ನಲ್ಲಿ ಜಾಗ ಕರಗುತ್ತಿತ್ತು. ಅದು ಮುಗಿದರೆ ಬರೆದದ್ದೆಲ್ಲ ಕೆಡಬಹುದೆಂದು ಒಳಗೊಳಗೇ ಬೆಂದೆ. ಏಳು ಗಂಟೆಗೆ ಗಿರಿಜಾ ಬಾಗಿಲು ತಳ್ಳಿದಾಗ ಉಳಿದದ್ದು ಚೂರೇ ಚೂರು.

"ನಾ ಮುಟ್ಟಿಬಿಟ್ಟೆನವ್ವಾ" ಅಂದಳು ನಿಂಗವ್ವ, ತಪ್ಪೊಪ್ಪಿಕೊಳ್ಳುವವಳಂತೆ.

ಗಿರಿಜಾ ರೆಕಾರ್ಡ್ ನಿಲ್ಲಿಸಿ, ಮೊದಲಿನಿಂದ ಹಚ್ಚಿದಳು. ಹಾಡು ನಡುವಿನಿಂದಲೇ ಎದ್ದಿತು. ಕುತ್ತಿಗೆಗೆ ಬಟ್ಟೆ ಸುತ್ತಿದ್ದ ಚನಬಸಪ್ಪನವರು ಬಾಗಿಲಲ್ಲೇ ನಿಂತು, ದನಿಯಿಲ್ಲದ ತುಟಿಗಳನ್ನು ಹಾಡಿನ ಜೊತೆ ಆಡಿಸಿದರು.

ಮೊದಲ ನಾಲ್ಕು ನಿಮಿಷ ಹೋಗಿತ್ತು. ಅವರ ಹೆಸರೂ ಊರೂ ಅದರಲ್ಲೇ ಹೋದವು. ಗಿರಿಜಾ ತಾನು ಗಡಿಯಾರ ಮರೆತೆನೆಂದು ಅತ್ತಳು. ತಪ್ಪು ಗಡಿಯಾರದ್ದು ಎಂದು ನನಗೆ ಹೇಳಲಾಗಲಿಲ್ಲ. ಮುಂದೆ ಹಾಡು ಹಚ್ಚುವ ಮುನ್ನ ಪ್ರತಿಸಲ ನಿಂಗವ್ವ ಕೈಯೆತ್ತಿ ತಡೆಯುತ್ತಿದ್ದಳು. ಸೆರಗು ಸರಿಮಾಡಿಕೊಂಡು, ಬಂದವರತ್ತ ತಿರುಗಿ ಹೇಳುತ್ತಿದ್ದಳು:

"ಈಗ ದಾಂಡೇಲಿಯ ಚನಬಸಪ್ಪ ಹಾಡತಾನ. ಸುಮ್ಮನ ಕೇಳ್ರಿ."

ಈಗ ನಾನು ಅಟ್ಟದ ಮೇಲಿದ್ದೇನೆ. ಬ್ಯಾಟರಿ ಪೂರ್ತಿ ಸತ್ತಿದೆ. ಇವತ್ತು ಯಾವ ವರ್ಷವೋ ತಿಳಿಯದು. ಹಾಡು ಗಿರಿಜಾಳ ಮೊಬೈಲಿಗೆ ಹೋಗಿದೆ. ನಿಂಗವ್ವ ತೀರಿಕೊಂಡಿದ್ದಾಳೆ. ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿದೆನೇ ಎಂದು ಇಲ್ಲಿ ಕುಳಿತು ಕೇಳಿಕೊಳ್ಳುತ್ತೇನೆ. ಉತ್ತರ ಒಂದೊಂದು ದಿನ ಒಂದೊಂದು. ಆದರೆ ಕೆಲವು ಸಂಜೆ, ಸೈರನ್ ಕೂಗಿದ ಮೇಲೆ, ಕೆಳಗೆ ಗದ್ದಲ ನಿಲ್ಲುತ್ತದೆ. ಚನಬಸಪ್ಪನವರು, ಶುರು ಮಾಡು ಎಂಬಂತೆ, ಎರಡು ಸಲ ಚಪ್ಪಾಳೆ ತಟ್ಟುತ್ತಾರೆ. ಗಿರಿಜಾ ಆಯಿಯ ಆ ಮಾತನ್ನು ಒಂದಕ್ಷರ ಬಿಡದೆ ಹೇಳುತ್ತಾಳೆ.

ಆಮೇಲೆ ಹಾಡು ಶುರುವಾಗುತ್ತದೆ, ನಡುವಿನಿಂದ.